ಟಾಪ್ ಮಾಡೆಲ್ಲೇ ಬೇಕಾ ಮಾವ?

ಬಿ.ಕಾಂ ಮುಗಿಸಿ ಮನೆಯಲ್ಲಿ ಕೂತು ಒಂದು ವರ್ಷ ಆಗಿತ್ತು. 2024ರ ಬೇಸಿಗೆ. ಶ್ರೀನಿವಾಸಪುರದಲ್ಲಿ ಮಾವಿನ ಕಾಲ. ಬೆಳಿಗ್ಗೆ ಪರಿಚಯದವರ ಮಂಡಿಯಲ್ಲಿ ಲೆಕ್ಕ ಬರೆಯುವುದು, ಮಧ್ಯಾಹ್ನ ಮೊಬೈಲ್ ಹಿಡಿದು ಕೆಲಸಕ್ಕೆ ಅರ್ಜಿ ಹಾಕುವುದು, ಸಂಜೆ ‘ಏನಾಯ್ತಪ್ಪಾ ಕೆಲಸ?’ ಎಂದು ಕೇಳುವವರಿಂದ ತಪ್ಪಿಸಿಕೊಂಡು ಓಡಾಡುವುದು. ಇಷ್ಟೇ ನನ್ನ ದಿನಚರಿ. ಅಂಥ ಒಂದು ಸಂಜೆ ಮಾಲೂರು ಕಡೆಯಿಂದ ಸೋದರಮಾವ ಫೋನ್ ಮಾಡಿದರು.

‘ಅಳಿಯ, ನಾಳೆ ಬೆಳಿಗ್ಗೆ ಬಸ್ಸಿಗೆ ಬಾ. ಕಾರ್ ತಗೋಬೇಕು. ನೀನು ಓದಿದೋನು, ಪೇಪರ್ ನೋಡಿ ಯಾವ ಮಾಡೆಲ್ ಅಂತ ಹೇಳು.’

ಕಾರು ಅಂದರೆ ನಾನು ಹತ್ತು ಹನ್ನೆರಡು ಲಕ್ಷದ್ದು ಅಂದುಕೊಂಡೆ. ಹೋಗಿ ನೋಡಿದರೆ ಮಾವನ ಮಗ ಮಂಚದ ಮೇಲೆ ಹರಡಿದ್ದೆಲ್ಲ ಐಷಾರಾಮಿ ಎಸ್‌ಯುವಿಗಳ ಬ್ರೋಷರ್. ಎಲ್ಲವೂ ನಲವತ್ತೈದು ಲಕ್ಷದ ಮೇಲೆ!

ಬೆಂಗಳೂರು–ಚೆನ್ನೈ ಎಕ್ಸ್‌ಪ್ರೆಸ್‌ವೇ ಹೊಸಕೋಟೆಯಿಂದ ಶುರುವಾಗಿ ಮಾಲೂರು ತಾಲ್ಲೂಕನ್ನು ಹಾದು ಹೋಗುತ್ತದೆ. ಮಾವನ ಜಮೀನಿನ ಒಂದು ಭಾಗ ಆ ರಸ್ತೆಗೆ ಹೋಯಿತು. ಬಂದ ಪರಿಹಾರದಲ್ಲಿ ಸಾಲ ತೀರಿತು, ಮನೆ ಎದ್ದಿತು, ಉಳಿದದ್ದು ಬ್ಯಾಂಕಿನಲ್ಲಿ ಠೇವಣಿಯಾಗಿ ಕೂತಿತ್ತು. ಊರಲ್ಲಿ ಆಗಲೇ ಇಬ್ಬರು ದೊಡ್ಡ ಕಾರು ತಂದಿದ್ದರು. ಮಾವನ ಮಗನಿಗೆ ಹೆಣ್ಣು ನೋಡುತ್ತಿದ್ದರು. ಅವನದು ಒಂದೇ ಮಾತು: ‘ತಗೊಂಡ್ರೆ ಟಾಪ್ ಎಂಡ್. ಇಲ್ಲಾಂದ್ರೆ ಬೇಡ.’

ಅತ್ತೆ ಏನೂ ಹೇಳಲಿಲ್ಲ. ಮಾವನ ಮಗಳು ಸಿಇಟಿ ಬರೆದು ಫಲಿತಾಂಶಕ್ಕೆ ಕಾಯುತ್ತಿದ್ದಳು. ಒಳ್ಳೆಯ ರ‍್ಯಾಂಕ್ ಬರದಿದ್ದರೆ ಎಂಜಿನಿಯರಿಂಗ್ ಫೀಸಿಗೆ ಎಲ್ಲಿಂದ ತರುವುದು ಎಂಬ ಪ್ರಶ್ನೆ ಆ ಮನೆಯಲ್ಲಿತ್ತು. ಬಾಯಿಬಿಟ್ಟು ಯಾರೂ ಹೇಳುತ್ತಿರಲಿಲ್ಲ.

ನನ್ನ ಪರಿಸ್ಥಿತಿಯೂ ಇಕ್ಕಟ್ಟಿನದೇ. ನನ್ನ ಡಿಗ್ರಿಯ ಮೂರು ವರ್ಷದ ಫೀಸು ಕಟ್ಟಿದ್ದು ಇದೇ ಮಾವ. ಅವರಿಗೆ ‘ಬೇಡ’ ಅನ್ನುವ ಅಧಿಕಾರ ನನಗೆಲ್ಲಿ? ಕಾರು ಕೊಳ್ಳಬೇಕೋ ಬೇಡವೋ ಎಂದು ನನ್ನನ್ನು ಯಾರೂ ಕೇಳಿರಲಿಲ್ಲ. ಯಾವ ಮಾಡೆಲ್ ಎಂದಷ್ಟೇ ಕೇಳಿದ್ದರು. ಅದಕ್ಕಾದರೂ ನೆಟ್ಟಗೆ ಉತ್ತರ ಕೊಡೋಣ ಎಂದು ನಿರ್ಧರಿಸಿದೆ.

ಮೂರು ಬಗೆಯ ವೇರಿಯಂಟ್

ಎರಡು ದಿನ ಕೂತು ಬ್ರೋಷರ್‌ಗಳನ್ನು ಓದಿದೆ. ‘ಬೇಸ್’, ‘ಟಾಪ್’ ಎಂಬ ಹೆಸರುಗಳು ಎಲ್ಲ ಕಂಪನಿಗಳಲ್ಲೂ ಒಂದೇ ಅರ್ಥ ಕೊಡುವುದಿಲ್ಲ ಎನ್ನುವುದು ಮೊದಲು ತಿಳಿದ ವಿಷಯ.

ಕೆಲವು ಕಾರುಗಳಲ್ಲಿ ಎಂಜಿನ್ ಒಂದೇ, ವ್ಯತ್ಯಾಸ ಇರುವುದು ಸೌಕರ್ಯದಲ್ಲಿ. ಉದಾಹರಣೆಗೆ ಆಡಿ ಕ್ಯೂ3. 2022ರಲ್ಲಿ ಹೊಸ ರೂಪದಲ್ಲಿ ಬಂದಾಗ ಪ್ರೀಮಿಯಂ ಪ್ಲಸ್ ಬೆಲೆ 44.89 ಲಕ್ಷ, ಟೆಕ್ನಾಲಜಿ ಬೆಲೆ 50.39 ಲಕ್ಷ. ಎರಡರಲ್ಲೂ ಅದೇ 2 ಲೀಟರ್ ಪೆಟ್ರೋಲ್ ಎಂಜಿನ್, ಅದೇ 190 ಅಶ್ವಶಕ್ತಿ, ನಾಲ್ಕೂ ಚಕ್ರಕ್ಕೆ ಶಕ್ತಿ ಕೊಡುವ ಅದೇ ಕ್ವಾಟ್ರೊ ವ್ಯವಸ್ಥೆ. ಹೆಚ್ಚಿನ ಐದೂವರೆ ಲಕ್ಷ ಹೋಗುವುದು ಮುಖ್ಯವಾಗಿ ನ್ಯಾವಿಗೇಷನ್ ಸ್ಕ್ರೀನ್, ಸೌಂಡ್ ಸಿಸ್ಟಂ, ವೈರ್‌ಲೆಸ್ ಚಾರ್ಜಿಂಗ್‌ನಂಥ ಸೌಲಭ್ಯಗಳಿಗೆ.

ಇನ್ನು ಕೆಲವು ಕಾರುಗಳಲ್ಲಿ ವೇರಿಯಂಟ್ ಬದಲಾದರೆ ಎಂಜಿನ್ನೇ ಬದಲು. 2023ರ ಜನವರಿಯಲ್ಲಿ ಬಂದ ಬಿಎಂಡಬ್ಲ್ಯು ಎಕ್ಸ್1 ಹಾಗಿತ್ತು. 45.90 ಲಕ್ಷದ ಎಕ್ಸ್‌ಲೈನ್‌ನಲ್ಲಿ ಮೂರು ಸಿಲಿಂಡರಿನ 1.5 ಲೀಟರ್ ಪೆಟ್ರೋಲ್ ಎಂಜಿನ್, 136 ಅಶ್ವಶಕ್ತಿ. 47.90 ಲಕ್ಷದ ಎಂ ಸ್ಪೋರ್ಟ್‌ನಲ್ಲಿ 2 ಲೀಟರ್ ಡೀಸೆಲ್, 150 ಅಶ್ವಶಕ್ತಿ. ಇಲ್ಲಿ ಎರಡು ಲಕ್ಷದ ಅಂತರ ನೋಡಿ ‘ಬರೀ ಶೋಕಿಗೆ’ ಅಂದುಬಿಟ್ಟರೆ ತಪ್ಪಾಗುತ್ತದೆ. ವರ್ಷಕ್ಕೆ ಎಷ್ಟು ಕಿಲೋಮೀಟರ್ ಓಡಿಸುತ್ತೀರಿ, ಪೆಟ್ರೋಲ್ ಸಾಕೋ ಡೀಸೆಲ್ ಬೇಕೋ ಎಂದು ಮೊದಲು ತೀರ್ಮಾನಿಸಬೇಕು.

ಮೂರನೆಯದು ನಮ್ಮ ದಾರಿಯಲ್ಲೇ ಇದೆ. ಕೋಲಾರದಿಂದ ಬೆಂಗಳೂರಿಗೆ ರಾಷ್ಟ್ರೀಯ ಹೆದ್ದಾರಿ 75ರಲ್ಲಿ ಹೋಗುವಾಗ ಸಿಗುವ ಹೊಸಕೋಟೆಯಲ್ಲಿ ವೋಲ್ವೊ ಕಂಪನಿ 2017ರಿಂದ ಕಾರುಗಳನ್ನು ಜೋಡಿಸುತ್ತಿದೆ. ಅದರ ವಿದ್ಯುತ್ ಎಸ್‌ಯುವಿ ಎಕ್ಸ್‌ಸಿ40 ರೀಚಾರ್ಜ್‌ನ ಒಂದು ಮೋಟರಿನ ಮಾದರಿ 2024ರ ಮಾರ್ಚ್‌ನಲ್ಲಿ 54.95 ಲಕ್ಷಕ್ಕೆ ಬಂತು. ಎರಡು ಮೋಟರಿನದು 57.90 ಲಕ್ಷ. ಆದರೆ ಒಮ್ಮೆ ಚಾರ್ಜ್ ಮಾಡಿದರೆ ಹೆಚ್ಚು ದೂರ ಓಡುತ್ತದೆ ಎಂದು ಕಂಪನಿ ಹೇಳಿದ್ದು ಕಡಿಮೆ ಬೆಲೆಯದರ ಬಗ್ಗೆ! ದುಬಾರಿ ಮಾದರಿಯ ಜೋರು ವೇಗದಲ್ಲಿದೆ. ಹಾಗಾಗಿ ‘ಟಾಪ್’ ಅನ್ನುವುದು ಎಲ್ಲ ವಿಷಯದಲ್ಲೂ ಟಾಪ್ ಅಲ್ಲ.

ಬೆಲೆಯ ಮೇಲೊಂದು ಬೆಲೆ

ಮಾವ ಆರಿಸಿಟ್ಟಿದ್ದ ಕಾರಿನಲ್ಲಿ ಕೆಳಗಿನ ವೇರಿಯಂಟ್‌ಗೂ ಮೇಲಿನದಕ್ಕೂ ಎಕ್ಸ್ ಶೋರೂಂ ಬೆಲೆಯಲ್ಲಿ ಐದು ಲಕ್ಷದ ವ್ಯತ್ಯಾಸ. ‘ಅಷ್ಟು ಕೊಡೋನಿಗೆ ಇನ್ನೊಂದು ಐದು ಯಾವ ಲೆಕ್ಕ?’ ಎಂದ ಮಾವನ ಮಗ. ಬಿ.ಕಾಂ ಓದಿದ್ದು ಇಲ್ಲಿ ಉಪಯೋಗಕ್ಕೆ ಬಂತು.

ಕರ್ನಾಟಕದಲ್ಲಿ 20 ಲಕ್ಷಕ್ಕಿಂತ ಹೆಚ್ಚು ಬೆಲೆಯ ಪೆಟ್ರೋಲ್, ಡೀಸೆಲ್ ಕಾರಿಗೆ ಜೀವಾವಧಿ ತೆರಿಗೆ ಶೇ 18. ಅಂದರೆ ಹೆಚ್ಚಿನ ಐದು ಲಕ್ಷಕ್ಕೆ 90 ಸಾವಿರ ತೆರಿಗೆ. ಹತ್ತು ಲಕ್ಷ ಮೀರಿದ ಕಾರಿಗೆ ಶೋರೂಂನವರು ಶೇ 1ರಷ್ಟು ಟಿಸಿಎಸ್ ಹಿಡಿಯುತ್ತಾರೆ. ಅದು ಇನ್ನೊಂದು 5 ಸಾವಿರ. ಕಾರಿನ ಬೆಲೆ ಏರಿದಂತೆ ವಿಮೆಯ ಕಂತೂ ಏರುತ್ತದೆ. ಎಲ್ಲ ಸೇರಿ ಐದು ಲಕ್ಷದ ವ್ಯತ್ಯಾಸ ರಸ್ತೆಗೆ ಇಳಿಯುವಾಗ ಆರು ಲಕ್ಷ. ಆ ಆರು ಲಕ್ಷಕ್ಕೆ ಶೇ 9ರ ಬಡ್ಡಿಯಲ್ಲಿ ಐದು ವರ್ಷದ ಸಾಲ ಮಾಡಿದರೆ ತಿಂಗಳಿಗೆ ಸುಮಾರು 12,450 ರೂಪಾಯಿ ಕಂತು. ಕೊನೆಗೆ ಕಟ್ಟುವುದು ಏಳೂವರೆ ಲಕ್ಷದ ಹತ್ತಿರ.

ಟಿಸಿಎಸ್ ವಿಷಯ ಹೇಳಿದಾಗ ಮಾವ ಬೆಚ್ಚಿದರು. ಐವತ್ತು ಲಕ್ಷದ ಕಾರಿಗೆ ಅದು ಐವತ್ತು ಸಾವಿರ. ಆದಾಯ ತೆರಿಗೆ ರಿಟರ್ನ್ ಸಲ್ಲಿಸಿ ಆ ಹಣವನ್ನು ತೆರಿಗೆಗೆ ಹೊಂದಿಸಿಕೊಳ್ಳಬಹುದು, ತೆರಿಗೆ ಇಲ್ಲದಿದ್ದರೆ ವಾಪಸ್ ಪಡೆಯಬಹುದು. ‘ನಾವು ಬೇಸಾಯದೋರು, ನಮಗ್ಯಾಕೆ ರಿಟರ್ನ್?’ ಎಂದುಕೊಂಡು ಸುಮ್ಮನಿದ್ದರೆ ಆ ದುಡ್ಡು ಅಲ್ಲೇ ಉಳಿಯುತ್ತದೆ. ಕಾರಿನ ದಾಕ್ಷಿಣ್ಯಕ್ಕೆ ಮಾವ ಮೊದಲ ಬಾರಿ ರಿಟರ್ನ್ ಹಾಕಿದರು.

ಅಷ್ಟು ಹೊತ್ತು ಟೀ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದ ಅತ್ತೆ ಆಗ ಬಾಯಿ ತೆರೆದರು. ‘ಆರು ಲಕ್ಷ ಅಂದ್ರೆ ಎಷ್ಟು ಬಾಕ್ಸ್ ಟೊಮೆಟೊ ಆಯ್ತು?’

ಹದಿನೈದು ಕೆ.ಜಿ.ಯ ಬಾಕ್ಸಿಗೆ ಕೋಲಾರ ಎಪಿಎಂಸಿಯಲ್ಲಿ ಮುನ್ನೂರು ರೂಪಾಯಿ ಸಿಕ್ಕರೂ ಎರಡು ಸಾವಿರ ಬಾಕ್ಸ್. ಅದೂ ಗೊಬ್ಬರ, ಔಷಧಿ, ಕೂಲಿ, ಲಾರಿ ಬಾಡಿಗೆ ಕಳೆಯದೆ. ನಾನು ಲೆಕ್ಕ ಹೇಳಿದಾಗ ಯಾರೂ ಮಾತಾಡಲಿಲ್ಲ. ಅತ್ತೆ ಇನ್ನೊಂದು ಪ್ರಶ್ನೆ ಕೇಳಿದರು: ‘ಬ್ರೇಕು ಎರಡಕ್ಕೂ ಒಂದೇನಾ?’

ನಾನು ಎರಡು ದಿನ ಓದಿದ್ದರಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ ಅದೇ ಆಗಿತ್ತು. ಮತ್ತೆ ಕೂತು ಹುಡುಕಿದೆ. ಏರ್‌ಬ್ಯಾಗ್ ಆರು, ಎರಡರಲ್ಲೂ. ಎಬಿಎಸ್, ಜಾರದಂತೆ ತಡೆಯುವ ಸ್ಟೆಬಿಲಿಟಿ ಕಂಟ್ರೋಲ್, ಟೈರ್ ಗಾಳಿಯ ಸೂಚನೆ, ಎಲ್ಲವೂ ಎರಡರಲ್ಲೂ. ಅತ್ತೆ ತಲೆಯಾಡಿಸಿ ಒಳಗೆ ಹೋದರು.

ಮುಳಬಾಗಿಲಿನ ಹುಡುಗ

ಬೆಂಗಳೂರಿನ ಶೋರೂಂಗೆ ಹೋದಾಗ ನನಗೆ ಅಂಜಿಕೆ. ಗಾಜಿನ ಬಾಗಿಲು, ತಣ್ಣನೆಯ ಎಸಿ, ಕಾಫಿ ಕೇಳುವ ಕನ್ನಡಿಯಂಥ ನೆಲ. ಮಾವ ಪಂಚೆಯಲ್ಲೇ ಬಂದಿದ್ದರು. ನಮ್ಮ ಬಳಿ ಬಂದ ಸೇಲ್ಸ್ ಹುಡುಗ ಇಂಗ್ಲಿಷ್‌ನಲ್ಲಿ ಶುರು ಮಾಡಿದ. ‘ಕೋಲಾರದ ಕಡೆಯೋರಪ್ಪಾ’ ಎಂದು ಮಾವ ಹೇಳಿದ್ದೇ ತಡ, ‘ಅಯ್ಯೋ, ನಮ್ಮದು ಮುಳಬಾಗಿಲು ಸಾರ್’ ಎಂದು ನಕ್ಕ.

ನಾನು ನಾಲ್ಕು ಕಾಲಂ ಎಳೆದ ಹಾಳೆ ತೆಗೆದೆ. ಮೊದಲನೆಯದರಲ್ಲಿ ಟಾಪ್ ಮಾಡೆಲ್‌ನಲ್ಲಿ ಮಾತ್ರ ಇರುವ ಸೌಲಭ್ಯಗಳು. ಎರಡನೆಯದರಲ್ಲಿ ‘ಜೀವ ಕಾಯುತ್ತದಾ?’ ಮೂರನೆಯದರಲ್ಲಿ ‘ವಾರಕ್ಕೆ ಎಷ್ಟು ಸಲ ಬಳಕೆ?’ ನಾಲ್ಕನೆಯದರಲ್ಲಿ ‘ಬೇಕೋ, ಶೋಕಿಯೋ?’ ಆ ಹುಡುಗ ಹಾಳೆ ಓದಿ ಸುಮ್ಮನಾದ. ಆಮೇಲೆ ಮೆಲ್ಲಗೆ ಹೇಳಿದ: ‘ಟಾಪ್ ಮಾರಿದ್ರೆ ನನಗೆ ಇನ್ಸೆಂಟಿವ್ ಜಾಸ್ತಿ. ಆದ್ರೂ ಒಂದು ಮಾತು. ಎರಡನ್ನೂ ಓಡಿಸಿ ನೋಡಿ. ಟೆಸ್ಟ್ ಡ್ರೈವ್‌ಗೆ ಸಾಮಾನ್ಯವಾಗಿ ಟಾಪ್ ಮಾಡೆಲ್ ಮಾತ್ರ ಇರುತ್ತೆ. ಕೆಳಗಿನದು ಬೇಕು ಅಂತ ಕೇಳಿ ತರಿಸ್ಕೋಬೇಕು.’

ಮುಂದಿನ ವಾರ ತರಿಸಿದರು. ಮಾವ ಎರಡನ್ನೂ ಓಡಿಸಿದರು. ಇಳಿದು ಬಂದು, ‘ಓಡೋದು ಎರಡೂ ಒಂದೇ ಕಣೋ’ ಎಂದರು. ಮಾವನ ಮಗ ಮುಖ ತಿರುಗಿಸಿದ. ಕೆಳಗಿನ ವೇರಿಯಂಟ್ ಬುಕ್ ಆಯಿತು. ಅವನು ಒಂದು ತಿಂಗಳು ನನ್ನ ಜೊತೆ ಮಾತು ಬಿಟ್ಟಿದ್ದ.

ಹೊಸ ಗಾಡಿಯನ್ನು ಕುರುಡುಮಲೆ ಗಣಪತಿಯ ಮುಂದೆ ನಿಲ್ಲಿಸಿ ಪೂಜೆ ಮಾಡಿಸಿದೆವು. ನಾಲ್ಕು ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟದ್ದು ನಾನೇ.

ನಾನು ಮಾಡಿದ ತಪ್ಪು

ಎರಡು ತಿಂಗಳಾದ ಮೇಲೆ ಮಾವ ಊರಿನ ಓಣಿಯಲ್ಲಿ ಕಾರು ತಿರುಗಿಸುವಾಗ ಕಲ್ಲಿನ ಗೋಡೆಗೆ ಎಡಗಡೆಯ ಎರಡೂ ಬಾಗಿಲು ಉಜ್ಜಿದರು. ಉದ್ದಕ್ಕೂ ಗೀರು. ಸುತ್ತಲೂ ತೋರಿಸುವ 360 ಡಿಗ್ರಿ ಕ್ಯಾಮೆರಾ ಇದ್ದದ್ದು ಟಾಪ್ ಮಾಡೆಲ್‌ನಲ್ಲಿ. ನನ್ನ ಹಾಳೆಯಲ್ಲಿ ಅದನ್ನು ‘ಶೋಕಿ’ ಕಾಲಂಗೆ ಹಾಕಿದ್ದೆ. ಬೆಂಗಳೂರಿನ ಅಗಲ ರಸ್ತೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೆ. ನಮ್ಮೂರ ಓಣಿ, ಅಡ್ಡ ಬರುವ ಕುರಿ, ಅಂಗಳದಲ್ಲಿ ಆಡುವ ಮಕ್ಕಳು ನನ್ನ ಲೆಕ್ಕದಲ್ಲಿ ಇರಲಿಲ್ಲ. ಅದು ಗೋಡೆಯಾಗಿತ್ತು, ಪುಣ್ಯ.

ಹೊರಗಡೆ ಕ್ಯಾಮೆರಾ ಹಾಕಿಸೋಣ ಎಂದರೆ ವೈರಿಂಗ್ ಮುಟ್ಟಿದರೆ ವಾರಂಟಿಗೆ ತೊಂದರೆ ಆಗಬಹುದು ಎಂಬ ಭಯ. ಆಗ ಹೊಳೆಯಿತು, ನನ್ನ ಹಾಳೆಯಲ್ಲಿ ಐದನೇ ಕಾಲಂ ಇರಬೇಕಿತ್ತು: ‘ಆಮೇಲೆ ಹಾಕಿಸಬಹುದಾ?’ ಸೀಟ್ ಕವರ್, ಮ್ಯಾಟ್, ಫೋನ್ ಚಾರ್ಜರ್ ಯಾವಾಗ ಬೇಕಾದರೂ ಹಾಕಿಸಬಹುದು. ಕಂಪನಿಯೇ ಕೂರಿಸುವ ಕ್ಯಾಮೆರಾ, ಸೆನ್ಸರ್, ಏರ್‌ಬ್ಯಾಗ್ ಹಾಗಲ್ಲ.

ಮಾವ ಬೈಯಲಿಲ್ಲ. ‘ಗೀರು ಇರ್ಲಿ ಬಿಡು. ಆದ್ರೆ ಇನ್ಮೇಲೆ ನಿನ್ನ ಲೆಕ್ಕದಲ್ಲಿ ನಮ್ಮೂರನ್ನೂ ಸೇರಿಸ್ಕೋ’ ಎಂದರು.

ನೀವೂ ಲೆಕ್ಕ ಹಾಕುವಾಗ...

ನಮ್ಮಂಥ ಓದುವ, ಕೆಲಸ ಹುಡುಕುವ ಹುಡುಗ ಹುಡುಗಿಯರಿಗೆ ಐವತ್ತು ಲಕ್ಷದ ಕಾರು ಯಾಕೆ ಎಂದು ನೀವು ಕೇಳಬಹುದು. ಆದರೆ ಮನೆಯಲ್ಲಿ ಓದಿದವರು ನಾವೇ ಆಗಿದ್ದರೆ ಬೈಕಿಗೋ ಟ್ರ್ಯಾಕ್ಟರಿಗೋ ಲ್ಯಾಪ್‌ಟಾಪಿಗೋ ಇದೇ ಪ್ರಶ್ನೆ ನಮ್ಮ ಮುಂದೆ ಬರುತ್ತದೆ. ನನಗೆ ಉಪಯೋಗಕ್ಕೆ ಬಂದ ಕೆಲವು ಮಾತು:

* ಎಕ್ಸ್ ಶೋರೂಂ ಬೆಲೆ ಬಿಟ್ಟು ಆನ್ ರೋಡ್ ಬೆಲೆಯಲ್ಲಿ ಹೋಲಿಸಿ.

* ಬ್ರೋಷರ್‌ನ ದಿನಾಂಕ ನೋಡಿ. 2025ರ ಸೆಪ್ಟೆಂಬರ್ 22ರಿಂದ ದೊಡ್ಡ ಕಾರುಗಳ ಜಿಎಸ್‌ಟಿ ಶೇ 40 ಆಗಿ, ಮೇಲಿನ ಸೆಸ್ ಹೋಯಿತು. ವಿದ್ಯುತ್ ಕಾರಿಗೆ ಶೇ 5. ಹಳೆಯ ಬೆಲೆ ಈಗ ನಡೆಯುವುದಿಲ್ಲ.

* ಸುರಕ್ಷತೆಗೆ ಎಷ್ಟು ಸ್ಟಾರ್ ಎಂಬುದರ ಜೊತೆಗೆ ಯಾವ ವೇರಿಯಂಟ್ ಪರೀಕ್ಷೆ ಮಾಡಿದ್ದಾರೆ ಎಂದೂ ನೋಡಿ.

* ಸರ್ವಿಸ್ ಸೆಂಟರ್ ಎಷ್ಟು ದೂರ, ಒಂದು ಟೈರ್ ಬೆಲೆ ಎಷ್ಟು ಎಂದು ಕೊಳ್ಳುವ ಮೊದಲೇ ಕೇಳಿ.

* ಗಾಡಿ ಓಡುವ ರಸ್ತೆ ಯಾವುದು ಎಂದು ಮೊದಲು ಬರೆದುಕೊಳ್ಳಿ. ಸೌಲಭ್ಯಗಳ ಪಟ್ಟಿ ಆಮೇಲೆ.

ಆ ವರ್ಷದ ಕೊನೆಗೆ ನರಸಾಪುರ ಕೈಗಾರಿಕಾ ಪ್ರದೇಶದ ಒಂದು ಕಂಪನಿಯಲ್ಲಿ ಸಂದರ್ಶನಕ್ಕೆ ಹೋದೆ. ಖರೀದಿ ವಿಭಾಗದ ಕೆಲಸ. ‘ಅನುಭವ ಇದೆಯಾ?’ ಎಂದು ಕೇಳಿದರು. ಇಲ್ಲ ಎಂದೆ. ಆಮೇಲೆ ಧೈರ್ಯ ಮಾಡಿ ಆ ಹಾಳೆಯ ಕಥೆ ಹೇಳಿದೆ, ಕ್ಯಾಮೆರಾ ವಿಷಯದಲ್ಲಿ ಎಡವಿದ್ದನ್ನೂ ಸೇರಿಸಿ. ಈಗ ದಿನವೂ ಮೂರು ನಾಲ್ಕು ಕೊಟೇಷನ್ ಮುಂದಿಟ್ಟುಕೊಂಡು ಕಾಲಂ ಎಳೆಯುವುದೇ ನನ್ನ ಕೆಲಸ.

ಮಾವನ ಮಗಳಿಗೆ ಸರ್ಕಾರಿ ಸೀಟು ಸಿಗಲಿಲ್ಲ. ಖಾಸಗಿ ಕಾಲೇಜಿನ ಮೊದಲ ವರ್ಷದ ಫೀಸು, ಹಾಸ್ಟೆಲ್ ಎರಡಕ್ಕೂ ಕೊಟ್ಟದ್ದು ಠೇವಣಿಯಲ್ಲಿ ಉಳಿದ ಆ ಆರು ಲಕ್ಷದಿಂದಲೇ. ಈಗ ಎರಡನೇ ವರ್ಷ. ರಜೆಗೆ ಬಂದಾಗ ಕಾರು ತೊಳೆಯುವುದು ಅವಳೇ. ಗೀರು ಇನ್ನೂ ಹಾಗೇ ಇದೆ.