ಕಾಲುವೆಯ ಸುದ್ದಿ ಕೊನೆಯ ತೂಬಿಗೆ ಮುಟ್ಟುವ ಬಗೆ

ನೀರಾವರಿ ಪ್ರದೇಶಗಳಲ್ಲಿ ಜಗಳ ಹುಟ್ಟುವುದು ನೀರು ಕಡಿಮೆಯಾದಾಗ ಮಾತ್ರವಲ್ಲ. ನೀರು ಎಂದು ಬರುತ್ತದೆ, ಎಷ್ಟು ದಿನ ನಿಲ್ಲುತ್ತದೆ ಎಂಬುದು ತಿಳಿಯದಿದ್ದಾಗಲೂ ಜಗಳವಾಗುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯನ್ನೇ ನೋಡಿರಿ. ಸುಮಾರು 227 ಕಿ.ಮೀ. ಉದ್ದದ ಈ ಕಾಲುವೆಯ ಬಹುಭಾಗವನ್ನು ಜೋಳ, ಶೇಂಗಾ, ಹತ್ತಿಯಂತಹ ಅರೆನೀರಾವರಿ ಬೆಳೆಗಳಿಗೆಂದು ಯೋಜಿಸಲಾಗಿತ್ತು. ಮೇಲ್ಭಾಗದಲ್ಲಿ ಭತ್ತ ಹರಡಿತು. ಮಾನವಿ, ರಾಯಚೂರು ಕಡೆಯ ಕೊನೆಯಂಚಿನವರು ನೀರಿಗಾಗಿ ಕಾಯುವಂತಾಯಿತು.

ನೀರಾವರಿ ಸಲಹಾ ಸಮಿತಿ ಸಭೆ ಸೇರಿ ನೀರು ಬಿಡುವ ದಿನಾಂಕ ಗೊತ್ತು ಮಾಡುತ್ತದೆ. ಪತ್ರಿಕೆಯಲ್ಲಿ ಸುದ್ದಿ ಬರುತ್ತದೆ. ಆದರೆ ಅದು ಜಲಾಶಯದ ತೂಬು ತೆರೆಯುವ ದಿನ. ನಿಮ್ಮ ಹೊಲಗಾಲುವೆಗೆ ನೀರು ಬರುವ ದಿನ ಬೇರೆ. ರೈತನಿಗೆ ಬೇಕಾದದ್ದು ಎರಡನೆಯದು. ಸಸಿಮಡಿ ಹಾಕಿದ 25-30 ದಿನಕ್ಕೆ ನಾಟಿ ಆಗಬೇಕು. ಸಸಿ ಬಲಿತರೆ ತೆಂಡೆ ಕಡಿಮೆಯಾಗಿ ಇಳುವರಿ ತಗ್ಗುತ್ತದೆ. ಆದ್ದರಿಂದ ನೀರು ಬಳಕೆದಾರರ ಸಹಕಾರ ಸಂಘವು ಹಂಗಾಮಿಗೆ ಮೊದಲೇ, ಯಾರಿಗೆ ಯಾವ ಸುದ್ದಿ, ಎಂದು, ಯಾರ ಮೂಲಕ ಎಂಬುದನ್ನು ಒಂದು ಹಾಳೆಯಲ್ಲಿ ಬರೆದಿಡಬೇಕು.

ಯಾರಿಗೆ ತಿಳಿಸಬೇಕು?

ಸಂಘದ ಸದಸ್ಯರ ಪಟ್ಟಿ ಇದಕ್ಕೆ ಸಾಲದು. ಪಟ್ಟಿಯಲ್ಲಿರುವವರು ಭೂಮಾಲೀಕರು. ಹೊಲ ಉಳುವವನು ಲಾವಣಿಗೆ ಹಿಡಿದವನಾಗಿರಬಹುದು, ಮಾಲೀಕರು ಪಟ್ಟಣದಲ್ಲಿರಬಹುದು. ನೋಟೀಸು ಮಾಲೀಕರ ಮನೆಯಲ್ಲಿ ಬಿದ್ದಿರುತ್ತದೆ, ಸರದಿ ತಪ್ಪಿದವನು ಹೊಲದಲ್ಲಿರುತ್ತಾನೆ. ಪ್ರತಿ ತೂಬಿನಡಿ ಈ ಹಂಗಾಮಿನಲ್ಲಿ ನಿಜವಾಗಿ ಬೇಸಾಯ ಮಾಡುವವರ ಹೆಸರನ್ನೇ ಬರೆದುಕೊಳ್ಳಿರಿ. ನಾಟಿ ಗುಂಪಿನ ಮುಂದಾಳು ಹೆಣ್ಣುಮಕ್ಕಳಿಗೂ ದಿನಾಂಕ ತಿಳಿದಿರಲಿ.

ಲೆಕ್ಕವನ್ನು ಎಲ್ಲರೂ ಬಲ್ಲಂತೆ ಹೇಳಿರಿ

ಇಂಜಿನಿಯರರು ಕ್ಯೂಸೆಕ್ ಎನ್ನುತ್ತಾರೆ, ರೈತರು ಎಕರೆ ಎನ್ನುತ್ತಾರೆ. ಒಂದು ಕ್ಯೂಸೆಕ್ ನೀರು ಒಂದು ಹಗಲು, ಒಂದು ರಾತ್ರಿ ಹರಿದರೆ ಸುಮಾರು ಎರಡು ಎಕರೆ-ಅಡಿಯಾಗುತ್ತದೆ. ಅಂದರೆ 12 ಎಕರೆಗೆ ಎರಡು ಅಂಗುಲ. ಸೋರುವುದನ್ನು ಕಳೆದು 10 ಎಕರೆ ಎಂದುಕೊಂಡರೆ, 40 ಎಕರೆಯ ತೂಬಿಗೆ ನಾಲ್ಕು ದಿನದ ಸರದಿ ಬೇಕು. ಈ ಲೆಕ್ಕವನ್ನು ಸಂಘದ ಗೋಡೆಯ ಮೇಲೆ ಬರೆಸಿದರೆ, ಮೇಲಿನವನು ಐದನೆಯ ದಿನವೂ ತೂಬು ಮುಚ್ಚದಿದ್ದಾಗ ಕೇಳುವವನಿಗೆ ಆಧಾರ ಇರುತ್ತದೆ.

ಸುದ್ದಿ ಮೇಲಕ್ಕೂ ಹೋಗಬೇಕು

ಹೆಚ್ಚಿನ ಸಂಘಗಳು ಎಡವುವುದು ಇಲ್ಲಿಯೇ. ಮೇಲಿನಿಂದ ಆದೇಶ ಬರುತ್ತದೆ, ಕೆಳಗಿನಿಂದ ದೂರು ಮಾತ್ರ ಹೋಗುತ್ತದೆ. ಅದೂ ಬೆಳೆ ಒಣಗಿದ ಮೇಲೆ. ಉಪಕಾಲುವೆಯ ಕೊನೆಯ ಗೇಜಿನಲ್ಲಿ ನೀರಿನ ಮಟ್ಟವನ್ನು ದಿನವೂ ಒಂದೇ ಹೊತ್ತಿಗೆ ನೋಡಿ, ದಾಖಲೆ ಪುಸ್ತಕದಲ್ಲಿ ಬರೆದು, ವಿಭಾಗದ ಸೆಕ್ಷನ್ ಅಧಿಕಾರಿಗೆ ಫೋನಿನಲ್ಲಿ ತಿಳಿಸಲು ಒಬ್ಬರನ್ನು ನೇಮಿಸಿರಿ. ಇದಕ್ಕೆ ಕೊನೆಯಂಚಿನ ರೈತನೇ ತಕ್ಕವನು. ಮೇಲ್ಭಾಗದವನಿಗೆ ಕೆಳಗೆ ನೀರು ಇಳಿದದ್ದು ಕಾಣುವುದಿಲ್ಲ, ಕಂಡರೂ ಅವಸರವಿರುವುದಿಲ್ಲ. ಹದಿನೈದು ದಿನದ ಬರಹ ಕೈಯಲ್ಲಿದ್ದರೆ ಸಭೆಯಲ್ಲಿ ಕೂಗಾಡುವ ಪ್ರಮೇಯ ಕಡಿಮೆ.

ಅಕಸ್ಮಾತ್ತಾದಾಗ

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಕ್ರೆಸ್ಟ್ ಗೇಟು ಸರಪಳಿ ಕಡಿದು ಕೊಚ್ಚಿಹೋಯಿತು. ಒತ್ತಡ ತಗ್ಗಿಸಲು ಉಳಿದ ಗೇಟುಗಳಿಂದಲೂ ನೀರು ಬಿಡಬೇಕಾಯಿತು. ಸುಮಾರು ಒಂದು ವಾರದಲ್ಲಿ ಆ ಜಾಗಕ್ಕೆ ತಾತ್ಕಾಲಿಕ ತಡೆ ಹಾಕಲಾಯಿತು. ನಿಂತ ಬೆಳೆಗೆ ನೀರು ಉಳಿದೀತೇ ಎಂಬುದೇ ಆ ದಿನಗಳಲ್ಲಿ ಅಚ್ಚುಕಟ್ಟಿನವರ ಚಿಂತೆ. ಇಂತಹ ಹೊತ್ತಿನಲ್ಲಿ ಮೊಬೈಲ್ ಸಂದೇಶಗಳು ನೀರಿಗಿಂತ ವೇಗವಾಗಿ ಹರಿಯುತ್ತವೆ, ನಿಜವೂ ಸುಳ್ಳೂ ಬೆರೆತು. ಸಂಘದ ಪರವಾಗಿ ಕಚೇರಿಯನ್ನು ವಿಚಾರಿಸುವವರು ಯಾರು, ಊರಿಗೆ ಹೇಳುವವರು ಯಾರು ಎಂಬುದು ಮೊದಲೇ ಗೊತ್ತಿರಬೇಕು. ತಿಳಿಯದ್ದನ್ನು "ಇನ್ನೂ ತಿಳಿದಿಲ್ಲ, ಸಂಜೆ ಹೇಳುತ್ತೇವೆ" ಎನ್ನಲಿ. ಸಂಜೆ ತಪ್ಪದೆ ಹೇಳಲಿ.

ಫೋನು ಇಲ್ಲದವರೂ ಓದು ಬಾರದವರೂ ಪ್ರತಿ ಊರಿನಲ್ಲಿದ್ದಾರೆ. ಸರದಿ ಬದಲಾದ ದಿನ ಗುಡಿಯ ಧ್ವನಿವರ್ಧಕದಲ್ಲಿಯೂ ಹೇಳಿಸಿ, ತೂಬಿನ ಕಟ್ಟೆಯ ಮೇಲೆ ಸುಣ್ಣದಲ್ಲಿ ದಿನಾಂಕ ಬರೆಸಿರಿ.