ಹವ್ಯಾಸಕ್ಕೊಂದು ಪುಟ್ಟ ಕಂಪ್ಯೂಟರ್ ಭಾಷೆ

"ಕಾಮರ್ಸ್‌ನವರಿಗೆ ಟ್ಯಾಲಿ ಸಾಕು, ಪ್ರೋಗ್ರಾಮಿಂಗ್ ಯಾಕೆ?" ಎಂದು ಗೆಳೆಯರು ಕೇಳುತ್ತಾರೆ. ಟ್ಯಾಲಿಯಲ್ಲಿ ಬೇರೆಯವರು ಹಾಕಿಟ್ಟ ದಾರಿಯಲ್ಲಿ ಲೆಕ್ಕ ನಡೆಯುತ್ತದೆ. ನಮ್ಮ ಲೆಕ್ಕಕ್ಕೆ ನಾವೇ ದಾರಿ ಹಾಕಬೇಕಾದರೆ ಒಂದು ಸ್ಕ್ರಿಪ್ಟಿಂಗ್ ಭಾಷೆ ಗೊತ್ತಿರಬೇಕು. ಅದರಲ್ಲಿ ನಾಲ್ಕು ಸಾಲು ಬರೆದು ನಡೆಸಿದರೆ ಉತ್ತರ ತಕ್ಷಣ ಬರುತ್ತದೆ.

ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆ ನೇಯುವ ಒಂದು ಮನೆಯ ಲೆಕ್ಕ ಹೀಗಿದೆ ಎಂದುಕೊಳ್ಳೋಣ: ಮುಂಗಡ 20,000 ರೂಪಾಯಿ, ಪ್ರತಿ ಸೀರೆಯ ಕೂಲಿಯಲ್ಲಿ 500 ಕಡಿತ, ತಿಂಗಳಿಗೆ 4 ಸೀರೆ. 10 ತಿಂಗಳಲ್ಲಿ ಮುಂಗಡ ತೀರುತ್ತದೆ. ಇದು ಬಾಯಿಲೆಕ್ಕ. ಆದರೆ ನಡುವೆ ಹಬ್ಬಕ್ಕೆ ಮತ್ತೆ 5,000 ಪಡೆದರೆ? ಒಂದು ತಿಂಗಳು ಎರಡೇ ಸೀರೆ ಆದರೆ? ಲೆಕ್ಕದ ಪುಸ್ತಕ ಒಬ್ಬರ ಕೈಯಲ್ಲೇ ಇದ್ದರೆ ಅವರು ಹೇಳಿದ್ದೇ ಬಾಕಿ. ಪ್ರತಿ ತಿಂಗಳ ಬಾಕಿ ತೋರಿಸುವ ಹತ್ತು ಸಾಲಿನ ಪ್ರೋಗ್ರಾಂ ಫೋನಿನಲ್ಲಿದ್ದರೆ ನೇಯುವವರ ಮನೆಯಲ್ಲೂ ಒಂದು ಲೆಕ್ಕ ಇರುತ್ತದೆ.

ಇದಕ್ಕೆ ನಾನು ನೋಡಿದ ಭಾಷೆಗಳು ಮೂರು.

ಪೈಥಾನ್: 1991ರಲ್ಲಿ ಗೈಡೋ ವಾನ್ ರಾಸಮ್ ಹೊರತಂದದ್ದು. ಪುಸ್ತಕ, ಪಾಠ, ಉದ್ಯೋಗ ಎಲ್ಲಕ್ಕೂ ಅನುಕೂಲ. ಆದರೆ ಮೂರರಲ್ಲಿ ಇದೇ ದೊಡ್ಡದು.

ಆಕ್: 1977ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಹುಟ್ಟಿದ್ದು. ಸಾಲು, ಕಾಲಂ ಇರುವ ಪಟ್ಟಿಗೆ ಹೇಳಿ ಮಾಡಿಸಿದ್ದು. ಚಳ್ಳಕೆರೆಯ ಶೇಂಗಾ ಚೀಲಗಳ ತೂಕದ ಪಟ್ಟಿಯನ್ನು ಒಂದೇ ಸಾಲಿನಲ್ಲಿ ಕೂಡಿಸಬಹುದು. ದೊಡ್ಡ ಕೆಲಸಕ್ಕೆ ಸಾಲದು.

ಲುವಾ: 1993ರಲ್ಲಿ ಬ್ರೆಜಿಲ್‌ನ ರಿಯೋ ಡಿ ಜನೈರೋದ ವಿಶ್ವವಿದ್ಯಾಲಯವೊಂದರಲ್ಲಿ ಮೂವರು ಸೇರಿ ಮಾಡಿದ್ದು. ಪೋರ್ಚುಗೀಸ್‌ನಲ್ಲಿ 'ಲುವಾ' ಎಂದರೆ ಚಂದ್ರ. 5.4ನೇ ಆವೃತ್ತಿಯಲ್ಲಿ ಮೀಸಲು ಪದಗಳು 22 ಮಾತ್ರ. ಮುಖ್ಯ ಪ್ರೋಗ್ರಾಂ ಸುಮಾರು 300 ಕೆಬಿ, ನಾವು ಕಳಿಸುವ ಒಂದು ಫೋಟೋಗಿಂತ ಚಿಕ್ಕದು. 2013ರಿಂದ ವಿಕಿಪೀಡಿಯದ ಪುಟಗಳ ಹಿಂದೆಯೂ ಲುವಾ ಕೆಲಸ ಮಾಡುತ್ತಿದೆ, ಕನ್ನಡ ವಿಕಿಪೀಡಿಯದಲ್ಲೂ.

ಮೂರೂ ಉಚಿತ. ಲ್ಯಾಪ್‌ಟಾಪ್ ಇಲ್ಲದವರು ಆಂಡ್ರಾಯ್ಡ್ ಫೋನಿನಲ್ಲಿ ಟರ್ಮಕ್ಸ್ ಎಂಬ ಆಪ್ ಹಾಕಿಕೊಂಡು ಮೂರನ್ನೂ ನಡೆಸಬಹುದು.

ನಮ್ಮ ಭಾಷೆಗಳನ್ನು ಬಳಸುವವರು ಒಂದು ವಿಷಯ ತಿಳಿದಿರಬೇಕು. 'ಕನ್ನಡ' ಎಂಬ ಪದ ನಮಗೆ 3 ಅಕ್ಷರ. ಪೈಥಾನ್ ಒತ್ತಕ್ಷರವನ್ನು ಬಿಡಿಸಿ 5 ಎನ್ನುತ್ತದೆ. ಲುವಾ ಬೈಟ್ ಎಣಿಸಿ 15 ಎನ್ನುತ್ತದೆ. ನಮ್ಮ ಮನೆಮಾತು ಉರ್ದು. ಅದರ ಲಿಪಿಯಲ್ಲಿ 'ಉರ್ದು' 4 ಅಕ್ಷರ, ಲುವಾಗೆ 8. ಪಟ್ಟಿಯಲ್ಲಿ ಹೆಸರುಗಳನ್ನು ಸಾಲಾಗಿ ಜೋಡಿಸುವಾಗ ಇದು ತೊಡಕಾಗುತ್ತದೆ. ಅಕ್ಷರದ ಕೆಲಸ ಹೆಚ್ಚಿದ್ದರೆ ಪೈಥಾನ್ ಲೇಸು.

ನಾನು ಲುವಾ ಆರಿಸಿಕೊಂಡೆ. ನನ್ನ ಕೆಲಸ ಅಂಕಿಗಳದು, ಮತ್ತು ಪರೀಕ್ಷೆಯ ಓದಿನ ನಡುವೆಯೂ ಪೂರ್ತಿ ಕಲಿತು ಮುಗಿಸಬಹುದಾದಷ್ಟು ಚಿಕ್ಕ ಭಾಷೆ ಅದು. ಮುಂದೆ ಬಿಸಿಎ ಓದುವವರಿಗೆ ಪೈಥಾನ್ ಸರಿ. ಹೆಸರು ನೋಡಿ ಆರಿಸಬೇಡಿ. ಮೊದಲು ನಿಮ್ಮ ಮನೆಯ ಅಥವಾ ಅಂಗಡಿಯ ಒಂದು ಲೆಕ್ಕ ಹುಡುಕಿ. ಯಾವ ಭಾಷೆ ಬೇಕೆಂದು ಆ ಲೆಕ್ಕವೇ ಹೇಳುತ್ತದೆ.

– ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ