ಕೋವಿ ಕೆನ್ನೆಗೆ ಬರಬೇಕು

ಮತ ಎಣಿಕೆ ಮುಗಿದ ಮೇಲೆ ಕುಮಟಾ, ಹೊನ್ನಾವರ, ಭಟ್ಕಳದ ಘಟ್ಟದಡಿಯ ತೋಟದ ಮನೆಗಳಿಗೆ ಕೋವಿಗಳು ಒಂದೊಂದಾಗಿ ಮರಳುತ್ತವೆ. ಚುನಾವಣೆ ಘೋಷಣೆಯಾದಾಗ ಠಾಣೆಗೆ ಒಪ್ಪಿಸಿದ್ದವು ಅವು. ತಂದವರು ಮೊದಲು ಕೋವಿ ಮಡಚಿ, ನಳಿಗೆಯನ್ನು ಬೆಳಕಿಗೆ ಹಿಡಿದು, ಒಳಗೆ ತುಕ್ಕು ಕೂತಿದೆಯೇ ನೋಡುತ್ತಾರೆ. ವರ್ಷಕ್ಕೆ 3000 ಮಿ.ಮೀ.ಗೂ ಮಿಕ್ಕಿ ಮಳೆ ಸುರಿಯುವ, ಗಾಳಿಯಲ್ಲೇ ಉಪ್ಪಿರುವ ಊರುಗಳಿವು. ಎಣ್ಣೆ ಕಾಣದ ಉಕ್ಕು ಇಲ್ಲಿ ಬಹಳ ದಿನ ಬಾಳುವುದಿಲ್ಲ.

ಈ ಕೋವಿಗಳ ಒಡೆಯರಲ್ಲಿ ಹೆಚ್ಚಿನವರು ಬೇಟೆಗಾರರಲ್ಲ, ಅಡಿಕೆ ಬೆಳೆಗಾರರು. ಬೆಳೆ ರಕ್ಷಣೆಗೆಂದು ಪರವಾನಗಿ ಪಡೆದ ಒಂಟಿ ಅಥವಾ ಜೋಡು ನಳಿಗೆಯ 12 ಬೋರ್ ಕೋವಿ. ಕೆಲವರಲ್ಲಿ ಅಜ್ಜನ ಕಾಲದ ಕೇಪಿನ ಕೋವಿ. ವರ್ಷಕ್ಕೆ ನಾಲ್ಕೈದು ಈಡು, ಅದೂ ಮಂಗನ ಹಿಂಡಿಗೆ ಸದ್ದು ಕೇಳಿಸುವುದಕ್ಕೆ. ಇಷ್ಟು ಅಪರೂಪಕ್ಕೆ ಕೋವಿ ಮುಟ್ಟುವವನಿಗೆ ಗುರಿಯ ಚಿಂತೆ ಯಾಕೆ ಎಂದು ಕೇಳುವವರಿದ್ದಾರೆ. ಅವನಿಗೇ ಅದು ಹೆಚ್ಚು ಬೇಕು ಎನ್ನುತ್ತೇನೆ ನಾನು. 6ನೇ ನಂಬರಿನ ಸಣ್ಣ ಚರೆಯೂ ಇನ್ನೂರು ಮೀಟರ್ ಹಾರಬಲ್ಲದು. ಒಂದು ತೋಟಾದಲ್ಲಿ ಎಂಟೊಂಬತ್ತೇ ಇರುವ ಎಸ್‌ಜಿ ಚರೆ 600 ಮೀಟರಿಗೂ ಆಚೆ ಬೀಳುತ್ತದೆ, ಒಂಟಿ ಗುಂಡು ಕಿಲೋಮೀಟರ್ ದಾಟುತ್ತದೆ. ಘಟ್ಟಕ್ಕೂ ಕಡಲಿಗೂ ನಡುವಿನ ಈ ಕಿರಿದಾದ ಪಟ್ಟಿಯಲ್ಲಿ ತೋಟದಾಚೆ ಇನ್ನೊಂದು ಮನೆ, ಅದರಾಚೆ ರಸ್ತೆ, ಶಾಲೆಯ ದಾರಿ. ಹಾರಿದ ಈಡು ಎಲ್ಲಿ ಬೀಳುತ್ತದೆಂದು ಹೊಡೆಯುವವನಿಗೆ ತಿಳಿದಿರಲೇಬೇಕು.

ರೈಫಲ್ಲಿಗೆ ಹಿಂದೊಂದು, ಮುಂದೊಂದು ಗುರಿಗುರುತು ಇರುತ್ತದೆ. ಚರೆಕೋವಿಯಲ್ಲಿ ನಳಿಗೆಯ ತುದಿಗೊಂದು ಮಣಿ, ಅಷ್ಟೇ. ಹಿಂದಿನ ಗುರುತು ಹೊಡೆಯುವವನ ಕಣ್ಣು. ಆದ್ದರಿಂದ ಪ್ರತಿ ಸಲವೂ ಕಣ್ಣು ಅದೇ ಜಾಗದಲ್ಲಿ ಬಂದು ಕೂರಬೇಕು; ಅದನ್ನು ಅಲ್ಲಿ ಕೂರಿಸುವುದು ಕೆನ್ನೆ. ಕಣ್ಣಿನಿಂದ ಮಣಿಗೆ ಹೆಚ್ಚುಕಡಿಮೆ ಒಂದು ಮೀಟರ್ ದೂರ. ತಲೆ 3 ಮಿ.ಮೀ. ಮೇಲೆದ್ದಿತೆನ್ನಿ, 36 ಮೀಟರ್ ಆಚೆ ಈಡು ಹತ್ತು–ಹನ್ನೊಂದು ಸೆಂ.ಮೀ. ಮೇಲೆ ಹೋಗಿರುತ್ತದೆ. "ಕೋವಿ ಎತ್ತರ ಹೊಡೀತದೆ" ಎಂದು ದೂರುವವರಲ್ಲಿ ಹಲವರ ತೊಂದರೆ ಇದೇ: ಸದ್ದಿಗೆ ಮೊದಲೇ ತಲೆ ಎತ್ತಿಬಿಡುತ್ತಾರೆ.

ನನಗೆ ಕೋವಿ ಹಿಡಿಯಲು ಕಲಿಸಿದ ದೊಡ್ಡಪ್ಪ ವಾರಗಟ್ಟಲೆ ಒಂದೇ ಮಾತು ಹೇಳುತ್ತಿದ್ದ: "ತಲೆ ಬಗ್ಸಡ ತಮಾ, ಕೋವಿ ಮೇಲೆ ಬರ್ಲಿ." ಕಣ್ಣು ಗುರಿಯ ಮೇಲೇ ಇರಬೇಕು, ಮಣಿಯ ಮೇಲಲ್ಲ. ಎಡಗಾಲು ಅರ್ಧ ಹೆಜ್ಜೆ ಮುಂದೆ, ಮೈಭಾರ ಅದರ ಮೇಲೆ. ಎಡಗೈ ನಳಿಗೆಯನ್ನು ಗುರಿಯತ್ತ ನೀಡುತ್ತ ಹೋದಂತೆ ಹಿಡಿ ಕೆನ್ನೆಗೆ ತಾಗುತ್ತದೆ, ಬುಡ ಹೆಗಲಿನ ಗುಳಿಗೆ ಸೇರುತ್ತದೆ. ಎಡಗೈಯವರು ಇದನ್ನೆಲ್ಲ ಅದಲುಬದಲು ಮಾಡಿಕೊಳ್ಳಬೇಕು.

ಇದನ್ನು ಕಲಿಯಲು ಒಂದು ತೋಟಾವೂ ಖರ್ಚಾಗಬೇಕಿಲ್ಲ. ವರ್ಷಕ್ಕೆ ಎಷ್ಟು ತೋಟಾ ಕೊಳ್ಳಬಹುದೆಂದು ಪರವಾನಗಿ ಪುಸ್ತಕದಲ್ಲೇ ಬರೆದಿರುತ್ತದೆ, ಅವನ್ನು ಸುಮ್ಮನೆ ಕಳೆಯುವಂತಿಲ್ಲ. ಕೋವಿ ಮಡಚಿ ಖಾಲಿಯೆಂದು ಎರಡು ಸಲ ನೋಡಿ, ತೋಟಾಗಳನ್ನು ಬೇರೆ ಕೋಣೆಯಲ್ಲಿ ಬೀಗ ಹಾಕಿಟ್ಟು, ಎದುರಿಗೆ ಯಾರೂ ಬಾರದ ಗೋಡೆ ಆರಿಸಿಕೊಳ್ಳಿ. ಗೋಡೆಯ ಒಂದು ಚುಕ್ಕೆಯನ್ನು ದಿಟ್ಟಿಸಿ, ಆಮೇಲೆ ಕಣ್ಣು ಮುಚ್ಚಿ ಕೋವಿ ಏರಿಸಿ. ಕಣ್ಣು ತೆರೆದಾಗ ಮಣಿ ಚುಕ್ಕೆಯ ಮೇಲಿದ್ದರೆ ಸರಿ. ದಿನಕ್ಕೆ ಇಪ್ಪತ್ತು ಸಲ, ಒಂದು ತಿಂಗಳು ಸಾಕು. ಆರಂಭಕ್ಕೆ ಮೊದಲು ಇನ್ನೊಂದು ಪರೀಕ್ಷೆ: ಎರಡೂ ಕಣ್ಣು ತೆರೆದು ದೂರದ ಅಡಿಕೆ ಮರದ ಚಂಡೆಗೆ ಬೆರಳು ತೋರಿಸಿ. ಎಡಗಣ್ಣು ಮುಚ್ಚಿದಾಗ ಬೆರಳು ಜಿಗಿದರೆ ನಿಮ್ಮ ಬಲವಾದ ಕಣ್ಣು ಎಡದ್ದು. ಬಲಹೆಗಲಿಗೆ ಕೋವಿ ಇಟ್ಟುಕೊಂಡು ವರ್ಷಗಟ್ಟಲೆ ತಪ್ಪುವ ಎಷ್ಟೋ ಜನಕ್ಕೆ ಈ ಸಂಗತಿ ಗೊತ್ತಿರುವುದಿಲ್ಲ.

ಒಲಿಂಪಿಕ್ಸಿನ ಸ್ಕೀಟ್ ಸ್ಪರ್ಧೆ ನಿಂತಿರುವುದೂ ಈ ಏರಿಸುವ ಕಲೆಯ ಮೇಲೆಯೇ. 110 ಮಿ.ಮೀ. ಅಗಲದ ಬಿಲ್ಲೆ ಹಾರಿಬರುವವರೆಗೆ ಕೋವಿಯ ಬುಡ ಸೊಂಟದ ಮಟ್ಟದಲ್ಲೇ ಇರಬೇಕೆಂಬುದು ಅಲ್ಲಿನ ನಿಯಮ. ನಮ್ಮದೇ ರಾಜ್ಯದ ಕೊಡಗಿನವರು ಕೈಲ್ ಪೊಳ್ದ್ ಹಬ್ಬಕ್ಕೆ ಕೋವಿಯ ನಳಿಗೆಗೆ ತೋಕ್ ಪೂ ಸಿಕ್ಕಿಸಿ ಪೂಜಿಸಿ, ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ ನಡೆಸುತ್ತಾರೆ. ಅಲ್ಲೂ ಅನೇಕರು ಅಪರೂಪಕ್ಕೆ ಹೊಡೆಯುವವರೇ. ಆದರೆ ಹತ್ತು ಜನ ಹಿರಿಯರ ಎದುರು ಹೊಡೆಯುತ್ತಾರೆ, ತಪ್ಪಿದ್ದು ಯಾಕೆಂದು ಅಲ್ಲೇ ತಿದ್ದಿಸಿಕೊಳ್ಳುತ್ತಾರೆ. ಒಬ್ಬೊಬ್ಬರೇ ತೋಟದಂಚಿನಲ್ಲಿ ನಿಲ್ಲುವ ನಮ್ಮವರಿಗೆ ತಪ್ಪಿದ್ದನ್ನು ತೋರಿಸುವವರು ಯಾರು?

ಹಾಳೆಯೇ ತೋರಿಸಬೇಕು. ಪರವಾನಗಿಯುಳ್ಳ ರೇಂಜಿಗೆ ಹೋದ ದಿನ ಒಂದೂಕಾಲು ಮೀಟರ್ ಚೌಕದ ಕಾಗದ ಕಟ್ಟಿ, ನಡುವೆ ಗುರುತಿಟ್ಟು, 36 ಮೀಟರ್ ದೂರದಿಂದ ನಳಿಗೆಗೊಂದರಂತೆ ಹೊಡೆಯಿರಿ. ದಟ್ಟವಾಗಿ ಚರೆ ಬಿದ್ದ ಕಡೆ 76 ಸೆಂ.ಮೀ. ಅಗಲದ ವೃತ್ತ ಎಳೆದು ತೂತು ಎಣಿಸಿ. ತುದಿ ಕಿರಿದಾಗದ ನೇರ ನಳಿಗೆಯಾದರೆ ನೂರಕ್ಕೆ 40 ಚರೆ ವೃತ್ತದೊಳಗಿರುತ್ತವೆ, ಫುಲ್ ಚೋಕ್ ಆದರೆ 70. ಜೋಡು ನಳಿಗೆಯಲ್ಲಿ ಸಾಮಾನ್ಯವಾಗಿ ಎಡದ್ದೇ ಬಿಗಿ. ಕೈಯಲ್ಲಿ ಮದ್ದು ತುಂಬುವ ಕೇಪಿನ ಕೋವಿಯಲ್ಲಿ ಒಂದು ಈಡಿನಂತೆ ಇನ್ನೊಂದಿರುವುದಿಲ್ಲ. ಈ ಕೆಲಸಕ್ಕೆ ತೋಟದ ಧರೆಯನ್ನು ನೆಚ್ಚಬೇಡಿ. ನಮ್ಮ ಕಡೆಯ ಮಣ್ಣಿನೊಳಗೆ ಚೀರೆಕಲ್ಲು ಇರುತ್ತದೆ, ಕಲ್ಲಿಗೆ ಬಡಿದ ಚರೆ ಎತ್ತ ತಿರುಗುತ್ತದೆಂದು ಹೇಳಲಾಗದು.

ಗುರಿ ಚೆನ್ನಾಗಿ ಬಂತೆಂದು ಪ್ರಾಣಿಯ ಮೇಲೆ ಕೋವಿ ತಿರುಗಿಸುವಂತಿಲ್ಲ. ಮಂಗ, ಮುಸಿಯ, ನವಿಲು, ಕಾಡುಹಂದಿ ಎಲ್ಲವೂ 1972ರ ವನ್ಯಜೀವಿ ಕಾಯ್ದೆಯ ಪಟ್ಟಿಯಲ್ಲಿವೆ. ಘಟ್ಟದ ಕಾಡಿನಲ್ಲಿ ಸಿಂಗಳೀಕವೂ ಇದೆ. ಅದರ ಉಳಿವಿಗೆಂದೇ 2011ರಲ್ಲಿ ಅಘನಾಶಿನಿ ಕಣಿವೆಯ ಕಾಡನ್ನು ಸಂರಕ್ಷಣಾ ಮೀಸಲು ಎಂದು ಘೋಷಿಸಲಾಯಿತು. ಗೊನೆ ಕಳೆದುಕೊಂಡ ಬೆಳೆಗಾರನ ಸಿಟ್ಟು ನನಗೆ ಗೊತ್ತು, ಎಳೆಯ ಅಡಿಕೆ ನೆಲದ ತುಂಬ ಬಿದ್ದದ್ದನ್ನು ನಾನೂ ಹೆಕ್ಕಿದ್ದೇನೆ. ಆದರೂ ತೋಟದಲ್ಲಿ ಕೋವಿಯ ಕೆಲಸ ಸದ್ದು ಮಾತ್ರ.

ನನ್ನ ಹಾಳೆಗಳನ್ನು ಸುರುಳಿ ಸುತ್ತಿ ಪರವಾನಗಿ ಪುಸ್ತಕದ ಜೊತೆ ಇಟ್ಟಿದ್ದೇನೆ. ಮೊದಲ ವರ್ಷದ್ದರಲ್ಲಿ ಚರೆಯ ಗುಂಪು ನಡುಗುರುತಿಗಿಂತ ಒಂದು ಗೇಣು ಮೇಲಿತ್ತು. ಜಗುಲಿಯ ಗೋಡೆಯೆದುರು ಒಂದು ಮಳೆಗಾಲ ಕಳೆದ ಮೇಲಿನ ಹಾಳೆಯಲ್ಲಿ ಅದು ನಾಲ್ಕು ಬೆರಳಿಗೆ ಇಳಿದಿದೆ.